ಬಾಬಾಗಾಡಿಯಲ್ಲಿ ಗುಂಡಪ್ಪ

ಈಚೆಗೆ ಯಾರಾದರೂ ಎದುರಾಗಿ 'ಹೇಗಿದ್ದೀರಿ' ಎಂದರೆ ಉತ್ತರ ಹೇಳುವುದಕ್ಕೂ ನನಗೆ ದಣಿವಾಗುತ್ತದೆ. ದಣಿದವನಿಗೆ ಈ ಲೋಕ ಒಂದೇ ಒಂದು ಉಪಕಾರ ಮಾಡಬಹುದು. ಅವನಿಗೆ ಏನನ್ನೂ ಆರಿಸಲು ಹೇಳದೆ ಇರಬಹುದು. ರೊಟ್ಟಿಯೋ ಚಪಾತಿಯೋ ಎಂದು ಕೇಳದೆ ತಾಟು ತಂದು ಮುಂದಿಟ್ಟರೆ ಸಾಕು, ನಾನು ತಲೆ ತಗ್ಗಿಸಿ ತಿನ್ನುತ್ತೇನೆ. ಆದರೆ ಮನೆಯಲ್ಲಿ ಒಂದು ಕೂಸು ಹುಟ್ಟಲಿ, ನೋಡಿ. ಅಲ್ಲಿಂದ ಮುಂದೆ ಬದುಕೆಲ್ಲ ಆರಿಸುವುದೇ ಆಗುತ್ತದೆ. ಹೆಸರು ಆರಿಸು, ಡಾಕ್ಟರನ್ನು ಆರಿಸು, ಸಾಬೂನು ಆರಿಸು, ಕೂಸಿನ ಕೆನ್ನೆಗೆ ಹಚ್ಚುವ ಎಣ್ಣೆ ಆರಿಸು. ಇದೆಲ್ಲ ಮುಗಿಯಿತು ಎಂದು ಕಾಲು ಚಾಚುವಷ್ಟರಲ್ಲಿ ನನ್ನ ಪಾಲಿಗೆ ಬಂದದ್ದು ಬಾಬಾಗಾಡಿ, ಅಂದರೆ ಕೂಸನ್ನು ಕೂರಿಸಿ ತಳ್ಳಿಕೊಂಡು ಹೋಗುವ ನಾಲ್ಕು ಗಾಲಿಯ ಗಾಡಿ.

ನಾನು ಬೀದರಿನಲ್ಲಿ ಬಾಡಿಗೆ ಮನೆ ಹಿಡಿದಿರುವವನು. ನೌಕರಿ ಔರಾದಿನ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗುತ್ತೇನೆ, ಸಂಜೆ ಬಸ್ಸಿನಲ್ಲಿ ನಿಂತು ಬರುತ್ತೇನೆ, ನಡುವೆ ಕೂತಿರುತ್ತೇನೆ. ಹೆಂಡತಿ ಸುರೇಖಾ ಭಾಲ್ಕಿಯ ಶಾಲೆಯಲ್ಲಿ ಟೀಚರ್. ಈಗ ಹೆರಿಗೆ ರಜೆ, ಅದಕ್ಕೆ ಜೋಡಿಸಿಕೊಂಡ ಇನ್ನಷ್ಟು ರಜೆ. ಆಕೆಯ ತವರು ಮೆಹಕರ. ನನ್ನ ಅವ್ವ ಡಾಬಕಾದಲ್ಲಿ ಕುರಿ, ಹೊಲ ಎಲ್ಲವನ್ನೂ ನನ್ನ ತಮ್ಮನ ಮೇಲೆ ಹಾಕಿ, ಮೊಮ್ಮಗಳನ್ನು ಎತ್ತಾಡಿಸಲು ನಮ್ಮಲ್ಲಿಗೆ ಬಂದಿದ್ದಾಳೆ. ಮೊಮ್ಮಗಳೆಂದರೆ ಮುನ್ನಿ. ಎಂಟು ತಿಂಗಳ ಕೂಸು, ತೂಕದಲ್ಲಿ ತೊಗರಿಯ ಚೀಲ. ಆಕೆಗೆ ಮಲಗುವುದು ಸೇರದು, ಕೂರುವುದು ಸೇರದು; ಯಾರಾದರೂ ಎತ್ತಿಕೊಳ್ಳಬೇಕು. ಎತ್ತಿಕೊಂಡವರು ನಡೆಯುತ್ತಿರಬೇಕು. ನಿಂತರೋ, ಮೊದಲು ಸಣ್ಣಗೆ ಒಂದು ರಾಗ, ಆಮೇಲೆ ಪಕ್ಕದ ಮನೆಯವರು ಕಿಟಕಿ ತೆರೆಯುವಂಥ ಕಿರುಚಾಟ. ಅವ್ವನಿಗೆ ಮೊಣಕಾಲು ನೋವು. ಹಾಗಾಗಿ ದಿನವಿಡೀ ನಡೆಯುವವಳು ಸುರೇಖಾ. ನಾನು ಸಂಜೆ ಬಂದವನು ಕೈಕಾಲು ತೊಳೆದು ದಿವಾನದ ಮೇಲೆ ಒರಗುತ್ತೇನೆ. ಮಗಳನ್ನು ಎತ್ತಿಕೊಳ್ಳುವುದಿಲ್ಲ ಎಂದಲ್ಲ. ಎತ್ತಿಕೊಂಡು, 'ನಿಮ್ಮವ್ವ ಎಲ್ಲವ್ವಾ?' ಎಂದು ಆಡಿಸುತ್ತೇನೆ. ಅಷ್ಟರಲ್ಲಿ ನನ್ನ ಅವ್ವ ಬಂದು ಎತ್ತಿಕೊಂಡು ಹೋಗುತ್ತಾಳೆ.

ಒಂದು ಸಂಜೆ ಸುರೇಖಾ ಮುನ್ನಿಯನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆಮನೆಗೂ ಬಾಗಿಲಿಗೂ ತಿರುಗುತ್ತಿದ್ದಳು. ಒಂದು ಕೈ ಬೆನ್ನ ಮೇಲಿತ್ತು. ನಾನು ಒರಗಿದಲ್ಲಿಂದಲೇ ಉದಾರನಾಗಿ ಕೇಳಿದೆ: "ಸಾಲಿ ಸುರು ಆಗ್ಲಿಕ್ಕ ಬಂತು. ನಿನಗೇನರೆ ಬೇಕಾ? ಸೀರಿ ಗೀರಿ?"

ಆಕೆ ನಿಲ್ಲಲಿಲ್ಲ, ನಿಂತರೆ ಮುನ್ನಿ ಬಿಡಬೇಕಲ್ಲ. ನಡೆಯುತ್ತಲೇ ಹೇಳಿದಳು: "ನನಗೇನೂ ಬ್ಯಾಡ್ರಿ. ಸಾಲಿಗಿ ಹಾಜರಾಗೂದ್ರೊಳಗ ಒಂದಿನ ಸಂಜಿಮುಂದ ಕಿಲ್ಲಾದ ತನಾ ಕೈ ಬೀಸ್ಕೊಂತ ನಡದು ಬರಬೇಕು. ಎರಡೂ ಕೈ. ಅಷ್ಟ."

ಸೀರೆ ಕೇಳಿದ್ದರೆ ಸುಲಭವಿತ್ತು. ಬೀದರಿನ ಕೋಟೆ ನಮ್ಮ ಮನೆಯಿಂದ ದೂರವೇನಲ್ಲ. ಮದುವೆಯಾದ ಹೊಸದರಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದೆವು; ಆಕೆ ಬಿರಬಿರನೆ ಮುಂದೆ, ನಾನು ಹಿಂದೆ. ಆ ನಡಿಗೆ ನೋಡಿಯೇ ನನಗೆ ಆಕೆಯ ಮೇಲೆ ಸ್ವಲ್ಪ ಹೆದರಿಕೆಯೂ ಬಹಳ ಪ್ರೀತಿಯೂ ಹುಟ್ಟಿದ್ದು. ಈಗ ಆಕೆ ನಡೆಯುವುದು ಒಂದು ಕಡೆಗೆ ವಾಲಿಕೊಂಡು. ನನಗೆ ನಿಜಕ್ಕೂ ಮರುಕ ಹುಟ್ಟಿತು. ಮರುಕ ಹುಟ್ಟಿದ ಗಂಡಸು ಎದ್ದು ಕೂಸನ್ನು ಎತ್ತಿಕೊಳ್ಳುವುದಿಲ್ಲ, ಒಂದು ಯಂತ್ರ ಕೊಳ್ಳುತ್ತಾನೆ. ನಾನು ಬಾಬಾಗಾಡಿ ತರುವುದೆಂದು ತೀರ್ಮಾನಿಸಿದೆ. ಮುನ್ನಿ ಅದರಲ್ಲಿ ಕೂರುತ್ತಾಳೆ, ಗಾಡಿ ನಡೆಯುತ್ತಿರುತ್ತದೆ, ಸುರೇಖಾ ಕೈ ಬೀಸುತ್ತಾಳೆ. ತಳ್ಳುವವರು ಯಾರು ಎಂಬುದನ್ನು ಆಗ ಯೋಚಿಸಲಿಲ್ಲ.

ಮೊಬೈಲಿನಲ್ಲಿ ನೋಡತೊಡಗಿದೆ. ಅಬ್ಬಾ, ಏನು ಗಾಡಿಗಳು! ಕೂಸಿನ ಮುಖ ನಮ್ಮ ಕಡೆಗಿರಬೇಕೋ ಲೋಕದ ಕಡೆಗಿರಬೇಕೋ ಎಂಬುದರ ಮೇಲೇ ಗಂಟೆಗಟ್ಟಲೆ ಚರ್ಚೆ. ಒಂದರಲ್ಲಿ ಸೊಳ್ಳೆಪರದೆ, ಇನ್ನೊಂದರಲ್ಲಿ ಮಳೆಯ ಹೊದಿಕೆ, ಮತ್ತೊಂದರಲ್ಲಿ ತಳ್ಳುವವರ ಕಾಫಿ ಇಡಲು ಜಾಗ. ವಿಡಿಯೋದಲ್ಲಿ ಒಬ್ಬ ತಾಯಿ ಹಾಸುಗಲ್ಲಿನ ನುಣ್ಣನೆಯ ದಾರಿಯಲ್ಲಿ ಒಂದೇ ಕೈಯಿಂದ ಗಾಡಿ ತಳ್ಳುತ್ತ ಓಡುತ್ತಿದ್ದಳು. ನಾನು ನಮ್ಮ ಓಣಿಯನ್ನು ನೆನೆದೆ. ನಮ್ಮಲ್ಲಿ ಮನೆಗೊಂದು ಸ್ಪೀಡ್ ಬ್ರೇಕರ್ ಇದೆ. ಪ್ರತಿ ಮನೆಯವರೂ ಮಕ್ಕಳ ಕಾಳಜಿಯಿಂದ ತಮ್ಮ ತಮ್ಮದನ್ನು ತಾವೇ ಕಟ್ಟಿಕೊಂಡಿದ್ದಾರೆ. ನಡುನಡುವೆ ಗಟಾರದ ಮೇಲಿನ ಅಲುಗಾಡುವ ಕಲ್ಲು, ಅದರ ಮೇಲೆ ಆಡು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಶಿವರಾಜನನ್ನು ಕೇಳಿದೆ. ಮೂರು ಮಕ್ಕಳ ತಂದೆ, ಒಂದು ದಿನವೂ ಇಂಥ ಗಾಡಿ ಮುಟ್ಟಿದವನಲ್ಲ. ಹಾಗಾಗಿ ಸಲಹೆಗೆ ತಡವಿರಲಿಲ್ಲ. "ಗಾಲಿ ನೋಡ್ರಿ, ಮ್ಯಾಲಿಂದೆಲ್ಲಾ ಬಿಡ್ರಿ. ನಮ್ಮ ರೋಡಿಗಿ ಟ್ರ್ಯಾಕ್ಟರ್ ಗಾಲಿ ಇದ್ರ ಭೇಷ್" ಎಂದ.

ಭಾನುವಾರ ಬೀದರಿನ ಪೇಟೆಗೆ ಹೊರಟೆ. ಬಾಗಿಲಲ್ಲಿ ಅವ್ವ ಅಡ್ಡ ನಿಂತಳು. "ಗಾಡಿ ತರ್ತೀ ಖರೇ, ಆದ್ರ ಖಾಲಿ ದಬ್ಬಂಗಿಲ್ಲ ನೋಡು."

"ಅಂದ್ರ?"

"ಖಾಲಿ ತೊಟ್ಟಲಾ ತೂಗ್ತಾರೇನು? ಕೂಸಿಗಿ ಒಳ್ಳೇದಲ್ಲ. ಗಾಲಿ ಹಚ್ಚಿದ ಮ್ಯಾಲೂ ಅದು ತೊಟ್ಟಲೇ."

"ಅವ್ವಾ, ದಬ್ಬಿ ನೋಡದೆ ಗಾಡಿ ಹ್ಯಾಂಗ ತಗೋಬೇಕು?"

ಅವ್ವ ಅಡುಗೆಮನೆಗೆ ಹೋಗಿ ಒಂದು ಕೈಚೀಲ ತಂದಳು. ಒಳಗೆ ಗುಂಡಪ್ಪ ಇದ್ದ. ಗುಂಡಪ್ಪನೆಂದರೆ ಖಾರ ಅರೆಯುವ ಗುಂಡುಕಲ್ಲು. ಮುನ್ನಿಯ ಹೆಸರಿಡುವ ದಿನ, ಪದ್ಧತಿಯಂತೆ, ಕೂಸಿಗಿಂತ ಮೊದಲು ಅವನನ್ನೇ ತೊಳೆದು, ಕುಂಕುಮ ಹಚ್ಚಿ, ತಲೆಗೆ ಕುಂಚಿಗಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದ್ದರು. ಕೂಸು ಅವನ ಹಾಗೆ ಗಟ್ಟಿಯಾಗಿರಲಿ ಎಂದು. ಮುನ್ನಿ ಗಟ್ಟಿಯಾದಳು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಗುಂಡಪ್ಪ ಮತ್ತೆ ಶೇಂಗಾ ಚಟ್ನಿ ಅರೆಯುವ ಕೆಲಸಕ್ಕೆ ಹಾಜರಾಗಿದ್ದ. ಈಗ ಅವ್ವ ಅವನಿಗೆ ಹಳೆಯ ಕುಂಚಿಗಿಯನ್ನು ಮತ್ತೆ ಹಾಕಿದ್ದಳು. ದೃಷ್ಟಿಯಾಗದಿರಲೆಂದು ಕಾಡಿಗೆಯ ಬೊಟ್ಟು ಬೇರೆ. ಕರಿ ಕಲ್ಲಿನ ಮೇಲೆ ಕಾಡಿಗೆ ಕಾಣುವುದಿಲ್ಲ ಎಂದೆ. "ಕಾಣೋರಿಗಿ ಕಾಣ್ತದ, ನಡಿ" ಎಂದು ತಾನೂ ಚಪ್ಪಲಿ ಮೆಟ್ಟಿಕೊಂಡಳು.

ಮೊದಲ ಅಂಗಡಿಯವನು ಉತ್ಸಾಹಿ. "ಇದು ಫಾರಿನ್ ಮಾಲ್ ಅದ ಸಾಬ್. ಒಂದೇ ಕೈಲೆ ಮಡಚ್ತದ ನೋಡ್ರಿ" ಎಂದು ಟಪ್ಪನೆ ಮಡಚಿದ. ಬಿಚ್ಚುವುದಕ್ಕೆ ಅವನು, ಅವನ ಅಣ್ಣ, ಆಮೇಲೆ ನಾನು, ಎಲ್ಲರೂ ಸೇರಬೇಕಾಯಿತು. ಬಿಚ್ಚಿದ ಮೇಲೆ ಅವ್ವ ಮುಂದೆ ಬಂದು, ಚೀಲದಿಂದ ಗುಂಡಪ್ಪನನ್ನು ಎತ್ತಿ, ಮೆಲ್ಲಗೆ ಮಲಗಿಸಿ, ಬೆಲ್ಟ್ ಬಿಗಿದು, "ಈಗ ದಬ್ಬು" ಎಂದಳು. ದಬ್ಬಿದೆ. ಗುಂಡಪ್ಪ ಬೆಲ್ಟಿನ ಕೆಳಗಿಂದ ನುಸುಳಿ, ಕಾಲಿಡುವ ಹಲಗೆ ದಾಟಿ, ಗಾಡಿ ಹಿಡಿಯಲು ಮುಂದೆ ಬಂದ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಇಳಿದ. ನಾನು ಅಂಗಡಿಯ ನೆಲದ ಮೇಲೆ ಕೂತುಬಿಟ್ಟೆ. ಎರಡನೆಯ ಗಾಡಿಯ ಸೀಟಿನ ಹೊಲಿಗೆ ಪರ್ರನೆ ಬಿಚ್ಚಿತು. ಅಂಗಡಿಯವನ ಉತ್ಸಾಹ ಮುಗಿಯಿತು. "ಅಮ್ಮಾ, ಇದು ಬಚ್ಚಾಗೋಳ ಗಾಡಿ ಅದ, ಫತ್ತರ್ ಒಯ್ಯೋದಲ್ಲ!"

"ನಮ್ಮ ಕೂಸು ಇದಕಿಂತಾ ವಜ್ಜಾ ಅದ ತಮ್ಮಾ" ಎಂದಳು ಅವ್ವ. ಅದೂ ನಿಜವೇ.

ಪೇಟೆಯಲ್ಲಿ ಸುದ್ದಿ ಹೋಗುವುದಕ್ಕೆ ಎಷ್ಟು ಹೊತ್ತು? ಮುಂದಿನ ಅಂಗಡಿಯ ಬಾಗಿಲಲ್ಲೇ ಒಬ್ಬ, "ಕಲ್ಲು ಹೊರಗಿಟ್ಟು ಒಳಗ ಬರ್ರಿ" ಎಂದ. ಗುಂಡಪ್ಪನನ್ನು ಹೊರಗೆ ಬಿಟ್ಟು ಅವ್ವ ಒಳಗೆ ಹೋಗುವವಳಲ್ಲ. ನಾನು ಕುಂಟುತ್ತ, ಅವ್ವ ಮೊಣಕಾಲು ಹಿಡಿದುಕೊಳ್ಳುತ್ತ, ಗುಂಡಪ್ಪ ಚೀಲದಲ್ಲಿ ಆರಾಮಾಗಿ, ಮನೆಗೆ ಬಂದೆವು. ಸುರೇಖಾ ಬಾಗಿಲಲ್ಲಿ ನಡೆಯುತ್ತಿದ್ದಳು. "ಸಿಗಲಿಲ್ಲೇನ್ರಿ? ಇರ್ಲಿ ಬಿಡ್ರಿ" ಎಂದಳು. ಈ 'ಇರ್ಲಿ ಬಿಡ್ರಿ' ಈಚೆಗೆ ಆಕೆಯ ಬಾಯಲ್ಲಿ ಬಹಳ ಬರುತ್ತಿತ್ತು. ಮೊದಲು ಜಗಳಾಡುತ್ತಿದ್ದಳು, ಅದೇ ಚೆನ್ನಾಗಿತ್ತು.

ರಜೆ ಮುಗಿಯಲು ಒಂದೇ ವಾರ ಉಳಿದಾಗ ನಾನೂ ಅವ್ವನೂ ಭಾಲ್ಕಿಗೆ ಹೋದೆವು. ಅಲ್ಲಿ ಮಕ್ಕಳ ಸಾಮಾನು ಮಾರುವ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಅವ್ವ ಗುಂಡಪ್ಪನನ್ನು ಹೊರತೆಗೆದಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ. ಆಕೆ ಬೆಚ್ಚಲಿಲ್ಲ. ಕೈಚಾಚಿ ಗುಂಡಪ್ಪನ ಕುಂಚಿಗಿ ಸರಿಮಾಡಿ, "ಎಷ್ಟು ತಿಂಗಳಾತ್ರಿ?" ಎಂದಳು. "ಎಂಟು" ಎಂದಳು ಅವ್ವ. ಇಬ್ಬರೂ ಕೂಡಿ ಅವನನ್ನು ಒಂದು ಕಂದುಬಣ್ಣದ ಗಾಡಿಯಲ್ಲಿ ಮಲಗಿಸಿದರು. ಕಾಫಿ ಇಡುವ ಜಾಗವಿಲ್ಲ, ಸೊಳ್ಳೆಪರದೆಯಿಲ್ಲ, ಗಾಲಿ ಮಾತ್ರ ದೊಡ್ಡವು. ದಬ್ಬಿದೆ. ಹೊಲಿಗೆ ತಡೆಯಿತು, ಬೆಲ್ಟ್ ತಡೆಯಿತು. ನಾನು ಕಾಲು ಹಿಂದಿಟ್ಟುಕೊಂಡಿದ್ದೆ, ಅದೂ ಬೇಕಾಗಲಿಲ್ಲ. ಅದನ್ನೇ ಕೊಂಡೆವು. ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದ. ಅವ್ವ, "ಒಳಗ ಕೂಸು ಮಲಗೇದ, ಲಗೇಜ್ ಹ್ಯಾಂಗ ಆಗ್ತದ?" ಎಂದಳು. ಅವನು ಬಗ್ಗಿ ನೋಡಿದ, ನನ್ನನ್ನೂ ನೋಡಿದ, ಏನು ಕಂಡಿತೋ, ಪಾಪ ಎನ್ನುವಂತೆ ತಲೆ ಅಲ್ಲಾಡಿಸಿ ಮುಂದೆ ಹೋದ.

ರಜೆಯ ಕೊನೆಯ ದಿನ ಬಂತು; ಮಾರನೆಯ ದಿನ ಸುರೇಖಾ ಶಾಲೆಗೆ ಹಾಜರಾಗಬೇಕಿತ್ತು. ಆ ಸಂಜೆ ಆಕೆ ಹಳದಿ ಸೀರೆ ಉಟ್ಟು, ತಲೆ ಬಾಚಿಕೊಂಡು, ಹೊರಗೆ ಬಂದಳು. ಮುನ್ನಿಯನ್ನು ಗಾಡಿಯಲ್ಲಿ ಕೂರಿಸಿದೆವು. ಮುನ್ನಿ ನಕ್ಕಳು. ನಾನು ತಳ್ಳಿದೆ, ಗಾಲಿಗಳು ಉರುಳಿದವು, ಮೊದಲ ಸ್ಪೀಡ್ ಬ್ರೇಕರ್ ದಾಟಿದೆವು, ಎರಡನೆಯದನ್ನೂ ದಾಟಿದೆವು. ಸುರೇಖಾ ತನ್ನ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಅದನ್ನು ಬಿಟ್ಟು ಇನ್ನೇನು ಕೈ ಬೀಸಬೇಕು ಎನ್ನುವಷ್ಟರಲ್ಲಿ ಮುನ್ನಿಗೆ ತನ್ನನ್ನು ಯಾರೂ ಎತ್ತಿಕೊಂಡಿಲ್ಲ ಎಂಬುದು ಹೊಳೆಯಿತು. ರಾಗವಿಲ್ಲ, ಪೀಠಿಕೆಯಿಲ್ಲ, ನೇರ ಕಿರುಚಾಟ. ಗಾಡಿ ಜೋರಾಗಿ ತಳ್ಳಿದೆ, ಮೆಲ್ಲಗೆ ತಳ್ಳಿದೆ, ಹಿಂದಕ್ಕೆ ಎಳೆದೆ. ಮುನ್ನಿ ಬೆಲ್ಟಿನಲ್ಲಿ ಬಿಲ್ಲಿನಂತೆ ಬಾಗಿದಳು. ಎಲ್ಲ ಪರೀಕ್ಷೆಯನ್ನೂ ಗುಂಡಪ್ಪನ ಮೇಲೆ ಮಾಡಿದ್ದೆವು; ಅವನು ಅಳುವವನಲ್ಲ.

ಸುರೇಖಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇರ್ಲಿ ಬಿಡ್ರಿ. ತರ್ರಿ ಇಲ್ಲಿ" ಎಂದು ಕೈ ಚಾಚಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಕೊಟ್ಟುಬಿಡುತ್ತಿದ್ದೆನೇನೋ. ಹಳದಿ ಸೀರೆಯ ಮೇಲೆ ಮತ್ತೆ ಆ ವಾಲಿದ ಸೊಂಟ ನೋಡಲು ನನಗೆ ಆಗಲಿಲ್ಲ. "ನೀ ಮುಂದ ನಡಿ" ಎಂದೆ. ಬೆಲ್ಟ್ ಬಿಚ್ಚಿ ಮುನ್ನಿಯನ್ನು ಹೆಗಲಿಗೆ ಹಾಕಿಕೊಂಡೆ. ಸುಮ್ಮನಾದಳು. ಅಷ್ಟರಲ್ಲಿ ಹಿಂದಿನಿಂದ ಕೂಗು: "ನಿಂದ್ರೋ, ಖಾಲಿ ಒಯ್ಯಬ್ಯಾಡ!" ಅವ್ವ ಸೆರಗಿನಲ್ಲಿ ಗುಂಡಪ್ಪನನ್ನು ಕಟ್ಟಿಕೊಂಡು ಮೊಣಕಾಲು ನೋವನ್ನೂ ಮರೆತು ಬರುತ್ತಿದ್ದಳು. ಬಂದವಳೇ ಅವನನ್ನು ಗಾಡಿಯಲ್ಲಿ ಮಲಗಿಸಿ, ಬೆಲ್ಟ್ ಬಿಗಿದು, ನೆರಳಿನ ಹೊದಿಕೆ ಇಳಿಸಿ ಮನೆಗೆ ಹಿಂತಿರುಗಿದಳು.

ಹೀಗೆ ನಮ್ಮ ಮೆರವಣಿಗೆ ಕೋಟೆಗೆ ಹೊರಟಿತು. ಮುಂದೆ ಸುರೇಖಾ. ಮೊದಲು ಎರಡು ಸಲ ಹಿಂತಿರುಗಿ ನೋಡಿದಳು, ಆಮೇಲೆ ನೋಡಲಿಲ್ಲ. ಕೈ ಬೀಸತೊಡಗಿದಳು, ಎರಡೂ ಕೈ. ಅದೇ ಹಳೆಯ ಬಿರಬಿರ ನಡಿಗೆ. ಹಿಂದೆ ನಾನು. ಎಡಹೆಗಲ ಮೇಲೆ ಮುನ್ನಿ, ಬಲಗೈಯಲ್ಲಿ ಗುಂಡಪ್ಪನ ಗಾಡಿ, ಬಲಗಾಲಿನಲ್ಲಿ ಗುಂಡಪ್ಪನೇ ಕೊಟ್ಟ ನೋವು. ಕೋಟೆಯ ಬಾಗಿಲು ಮುಟ್ಟುವಷ್ಟರಲ್ಲಿ ನನ್ನ ಬೆನ್ನು ನನಗೆ ಗುರುತು ಸಿಗದಂತಾಗಿತ್ತು. ಇದು ಇಷ್ಟು ಸ್ವಲ್ಪ ಹೊತ್ತಿಗೇ. ಆಕೆ ದಿನವಿಡೀ ಹೇಗೆ ತಿರುಗಿದಳು ಎಂದು ಕೇಳಬೇಕೆನಿಸಿತು, ಆದರೆ ಕೇಳಲು ಉಸಿರಿರಲಿಲ್ಲ.

ಬಾಗಿಲ ಬಳಿ ಶೇಂಗಾ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಸುರೇಖಾ ಶೇಂಗಾ ಕೊಂಡಳು. ಮುದುಕಿ ನನ್ನ ಹೆಗಲ ಮೇಲಿನ ಮುನ್ನಿಯ ಗಲ್ಲ ಹಿಂಡಿ, "ಈಕಿ ಅವ್ವನ ಹಂಗ ಅದಾಳ ನೋಡ್ರಿ" ಎಂದಳು. ಆಮೇಲೆ ಗಾಡಿಯ ಹೊದಿಕೆಯ ಕೆಳಗೆ ಬಗ್ಗಿದಳು. ಮುಸ್ಸಂಜೆ, ಒಳಗೆ ಕತ್ತಲು. "ಯವ್ವಾ, ಅವಳಿ-ಜವಳಿ ಕೂಸೇನ್ರಿ? ಎಷ್ಟು ಶಾಣ್ಯಾ ಅದ! ಮಿಸುಕಂಗಿಲ್ಲ, ಒದರಂಗಿಲ್ಲ, ಇಟ್ಟಲ್ಲಿ ಮಲಗೇದ." ತಲೆಯೆತ್ತಿ ನನ್ನ ಮುಖ, ನನ್ನ ಕೂದಲಿಲ್ಲದ ತಲೆ ನೋಡಿದಳು. "ಇದು ಥೇಟ್ ಅಪ್ಪನ ಹಂಗ."

"ಹೌದ್ರಿ" ಎಂದಳು ಸುರೇಖಾ, ಶೇಂಗಾ ಒಡೆಯುತ್ತ. "ಎಂಟು ತಿಂಗಳಾತು, ದಿವಾನದ ಮ್ಯಾಲ ಇಟ್ರ ಇಟ್ಟಲ್ಲೇ. ಇವತ್ತೇ ಹೊರಗ ತಂದೀನಿ."

ಹೇಳಿ ಆಕೆ ನಕ್ಕಳು. ಗೋಡೆಗೆ ಕೈಯೂರಿ, ಶೇಂಗಾ ಚೆಲ್ಲಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗುಂಡಪ್ಪನ ಕುಂಚಿಗಿ ಒಂದು ಕಡೆ ಜಾರಿತ್ತು, ಬಗ್ಗಿ ಸರಿಮಾಡಿದೆ. ಅಷ್ಟರಲ್ಲಿ, ನಾನು ನಿಂತುಬಿಟ್ಟೆನೆಂದು, ಹೆಗಲ ಮೇಲೆ ಮುನ್ನಿ ಸಣ್ಣಗೆ ರಾಗ ಎಳೆಯತೊಡಗಿದಳು.