ಬ್ರಿಸ್ಬೇನಿನ ಗಡಿಯಾರವೂ ನಮ್ಮ ಮಾವನ ಮುನ್ನೋಟವೂ

ನಮ್ಮ ಸೋದರಮಾವನ ಮಾತು ನಂಬಿ ಅಮೇರಿಕದಲ್ಲಿ ಜನ ಬಾಜಿ ಕಟ್ಟುತ್ತಾರೆ. ನಾನಂತೂ ಅವರು ‘ಹಾಲು ಕಾದಿದೆ’ ಎಂದರೂ ಒಮ್ಮೆ ಬೆರಳು ಅದ್ದಿ ನೋಡುತ್ತೇನೆ!

ತಪ್ಪು ತಿಳಿಯಬೇಡಿ, ಮಾವ ಜೂಜುಕೋರರಲ್ಲ. ಲಾಟರಿ ಅಂಗಡಿಯ ಮುಂದೆ ಹಾದುಹೋಗಬೇಕಾದರೂ ಆಚೆ ಬದಿಯ ಫುಟ್‌ಪಾತ್ ಹಿಡಿಯುವ ಮೈಸೂರಿನ ಮನುಷ್ಯ. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಹಗಲೆಲ್ಲ ಸಾಫ್ಟ್‌ವೇರ್ ಕೆಲಸ. ಸಂಜೆಯಾದರೆ ಅಮೇರಿಕನ್ ಫುಟ್‌ಬಾಲ್. ಅದೇ, ಹೆಲ್ಮೆಟ್ ತೊಟ್ಟ ದೈತ್ಯನೊಬ್ಬ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾನೆ, ಉಳಿದ ದೈತ್ಯರೆಲ್ಲ ಅವನ ಮೇಲೆ ಬೀಳುತ್ತಾರೆ. ಹೆಸರು ಮಾತ್ರ ಫುಟ್‌ಬಾಲು, ಪಾಪ, ಕಾಲಿಗೆ ಓಡುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಬಾಜಿಗಾರರ ಒಂದು ವೆಬ್‌ಸೈಟಿಗೆ ಮಾವ ಈ ಆಟದ ಮುನ್ನೋಟ ಬರೆದುಕೊಡುತ್ತಾರೆ. ಯಾವ ತಂಡ ಎದುರಾಳಿಯ ಅಂಗಳದಲ್ಲಿ ಮುಗ್ಗರಿಸುತ್ತದೆ, ಯಾವುದು ಮಳೆಯಲ್ಲಿ ಮುದುಡುತ್ತದೆ, ಯಾವುದು ಸೋತ ವಾರದ ಮರುವಾರ ಸಿಡಿದೇಳುತ್ತದೆ, ಎಲ್ಲಕ್ಕೂ ಅಂಕಿ ಅಂಶ. ಬಾಜಿ ಕಟ್ಟುವವನಿಗೆ ಯಾರು ಗೆಲ್ಲುತ್ತಾರೆ ಎಂದರೆ ಸಾಲದಂತೆ, ಎಷ್ಟು ಅಂಕಗಳ ಅಂತರದಲ್ಲಿ ಎಂಬುದೂ ಬೇಕಂತೆ. ಓದುವವರು ಇದನ್ನು ಯಾರೋ ಗಡ್ಡ ಬಿಟ್ಟ ಅಮೇರಿಕದ ಪಂಡಿತ ಬರೆದಿದ್ದಾನೆಂದು ಭಾವಿಸುತ್ತಾರೆ. ಬರೆದ ಪಂಡಿತರು ಪಟಾಪಟಿ ಚಡ್ಡಿಯಲ್ಲಿ ಕೂತು ಅವಲಕ್ಕಿ ಮುಕ್ಕುತ್ತಿರುತ್ತಾರೆ!

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಈ ಪಂಡಿತರು ಜನ್ಮದಲ್ಲಿ ಒಂದು ಪಂದ್ಯವನ್ನೂ ನೋಡಿಲ್ಲ! ಅಮೇರಿಕದ ಭಾನುವಾರದ ಆಟ ನಮಗೆ ಸೋಮವಾರ ಬೆಳಗಿನ ತಿಂಡಿಯ ಹೊತ್ತಿಗೆ ಟೀವಿಯಲ್ಲಿ ಬರುತ್ತದೆ. ಒಂದು ಸೋಮವಾರ ನಾನು ರಿಮೋಟ್ ಎತ್ತಿದೆ.

“ಮಾವ, ಲೈವ್ ಬರ್ತಿದೆ, ಹಾಕ್ಲಾ?”

“ಬೇಡ್ವೋ. ನೋಡಿದ್ರೆ ಒಂದು ಟೀಮ್ ಇಷ್ಟ ಆಗ್ಬಿಡುತ್ತೆ.”

“ಆದ್ರೇನೀಗ?”

“ಇಷ್ಟ ಆದ್ರೆ ಅದು ಗೆಲ್ಲಲಿ ಅನ್ಸುತ್ತೆ. ಗೆಲ್ಲಲಿ ಅನ್ಸಿದ್ರೆ ಲೆಕ್ಕ ಕೆಡುತ್ತೆ. ಬೇಕು ಅನ್ನೋನು ಲೆಕ್ಕ ಹಾಕ್ಬಾರ್ದು ಕಣೋ, ಲೆಕ್ಕ ಹಾಕೋನು ಬೇಕು ಅನ್ಬಾರ್ದು.”

ಹೀಗಂದು ಅವರು ಅವಲಕ್ಕಿಗೆ ಇನ್ನಷ್ಟು ಮೊಸರು ಸುರಿದುಕೊಂಡರು. ಉಪನಿಷತ್ತಿಗೆ ಮೊಸರು ನಂಚಿಕೊಂಡವರನ್ನು ನಾನು ಕಂಡದ್ದು ಅದೇ ಮೊದಲು.

ನಾನು ಅವರ ಮನೆ ಸೇರಿದ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಓದಿದ್ದು ಪರ್ತ್‌ನಲ್ಲಿ. ಬೆಂಟ್ಲಿಯ ಒಂದು ಬಾಡಿಗೆ ಮನೆಯಲ್ಲಿ ನಾವು ಐದು ಜನ, ಒಂದು ಬಾತ್‌ರೂಮು. ಕಂಡವರ ಧ್ವನಿಯನ್ನೆಲ್ಲ ಅನುಕರಿಸುವುದು ನನ್ನ ಹುಟ್ಟುರೋಗ. ಒಮ್ಮೆ ಮನೆ ಓನರ್ ಧ್ವನಿಯಲ್ಲಿ ಗೆಳೆಯನಿಗೆ ಫೋನ್ ಮಾಡಿ, “ಈ ಆರ್ವೋ ಇನ್‌ಸ್ಪೆಕ್ಷನ್‌ಗೆ ಬರ್ತೀನಿ” ಎಂದು ಇಡೀ ಮನೆ ಅವನಿಂದ ಗುಡಿಸಿಸಿದ್ದೆ. (ಆರ್ವೋ ಎಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನ.) ಮರುವಾರ ಓನರ್ ನಿಜವಾಗಿಯೇ ಫೋನ್ ಮಾಡಿದ. ನಾನೇ ಎಂದು ತಿಳಿದ ಗೆಳೆಯ ಅವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಅಷ್ಟರಲ್ಲಿ ಓದು ಮುಗಿದು ಅಡಿಲೇಡಿನಲ್ಲಿ ಆರು ತಿಂಗಳ ತರಬೇತಿ ಸಿಕ್ಕಿದ್ದು ನನ್ನ ಪುಣ್ಯ. “ಮಾವ ಒಬ್ರೇ ಇದ್ದಾರೆ, ಹೋಗಿ ಜೊತೆಗಿರು” ಎಂದು ಅಮ್ಮ ಮೈಸೂರಿನಿಂದಲೇ ಆಜ್ಞೆ ಹೊರಡಿಸಿದರು.

ಮಾವನಿಗೆ ಮುನ್ನೋಟ ಫುಟ್‌ಬಾಲಿಗಷ್ಟೇ ಸಾಲದು. ಪ್ರತಿ ಪಂದ್ಯಕ್ಕೂ ಮುಂಚೆ ಗಾಯಾಳುಗಳ ಪಟ್ಟಿ ಹೊರಡಿಸುತ್ತಾರಂತೆ: ಇಂಥವನ ಮಂಡಿ, ಆಡುವುದು ಅನುಮಾನ, ಇಂಥವನ ಭುಜ, ಔಟ್. ಮಾವ ಅದೇ ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದರು. ‘ಮಿಕ್ಸಿ: ಅನುಮಾನ. ತೆಂಗಿನ ತುರಿಮಣೆ: ಔಟ್. ಅಳಿಯ: ದೈಹಿಕವಾಗಿ ಸಮರ್ಥ, ಮಾನಸಿಕವಾಗಿ ಲಭ್ಯನಿಲ್ಲ.’ ಅದರ ಕೆಳಗೆ ಆ ದಿನದ ಪಂದ್ಯ: ‘ಅಳಿಯ ಎದುರು ಪಾತ್ರೆಗಳು. ಪಾತ್ರೆಗಳಿಗೆ ಸುಲಭ ಜಯ.’

ಒಂದು ಶನಿವಾರ ಕೆರೆಯ ಪಕ್ಕದ ಪಾರ್ಕಿನಲ್ಲಿ ಕನ್ನಡದವರದೊಂದು ಬಾರ್ಬಿ ಇತ್ತು. ಬಾರ್ಬಿ ಎಂದರೆ ಗೊಂಬೆಯಲ್ಲ ಸ್ವಾಮಿ, ಬಯಲಿನಲ್ಲಿ ಒಲೆ ಹೂಡಿ ಸುಟ್ಟು ತಿನ್ನುವ ಊಟ. ನಮ್ಮವರು ಅದರ ಮೇಲೆ ಪನೀರು, ಬದನೆಕಾಯಿ ಸುಡುತ್ತಾರೆ. ಬೆಂಕಿಯ ಮುಂದೆ ನಿಂತಿದ್ದ ಒಬ್ಬರು ಅಂಕಲ್ ಮೆಲ್ಲಗೆ ಮಾವನ ಪಕ್ಕ ಸರಿದರು.

“ಈ ವಾರ ಯಾರು ಗೆಲ್ತಾರೆ, ಒಂದ್ಮಾತು ಹೇಳ್ಬಿಡಿ ಸಾರ್.”

“ಗೆಲ್ಲೋದು ನಂಗೊತ್ತಿಲ್ಲ. ಗೆಲ್ಲೋ ಸಾಧ್ಯತೆ ಹೇಳ್ತೀನಿ.”

“ನೀವು ದೇವಸ್ಥಾನದಲ್ಲಿ ಪ್ರಸಾದ ಕೊಡಿ ಅಂದ್ರೆ ರೆಸಿಪಿ ಕೊಡೋ ಜನ ಸಾರ್!”

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಒಬ್ಬರು ಆಂಟಿ ಕೇಳಿದರು: “ಅದಿರ್ಲಿ, ನಿಮ್ಮ ಮನೆಯವ್ರು ಬ್ರಿಸ್ಬೇನಿಂದ ಯಾವಾಗ ಬರ್ತಾರೆ?”

“ವರ್ಷದ ಕೊನೆಗೆ ಬರೋ ಸಾಧ್ಯತೆ… ನೂರಕ್ಕೆ ನಲವತ್ತು.”

ಮತ್ತೆ ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ. ಮಾವನ ತಟ್ಟೆಗೆ ಇನ್ನೊಂದು ಬದನೆಕಾಯಿ ಹಾಕಿ ಸುಮ್ಮನೆ ಆಚೆ ಹೋದರು.

ಅತ್ತೆಯ ವಿಷಯ ಹೇಳಲೇಬೇಕು. ಅತ್ತೆ ಫಿಸಿಯೋಥೆರಪಿಸ್ಟ್. ಅಡಿಲೇಡಿನಲ್ಲಿ ಕೆಲಸ ಹುಡುಕಿ ಹುಡುಕಿ ಸಾಕಾಗಿ, ಬ್ರಿಸ್ಬೇನಿನ ಕಡೆ ಒಂದು ಆಸ್ಪತ್ರೆಯಲ್ಲಿ ಒಂದು ವರ್ಷದ ಮಟ್ಟಿಗೆ ಸಿಕ್ಕ ಕೆಲಸ ಹಿಡಿದು, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿದ್ದರು. ಇಲ್ಲಿ ಮಾವನಿಗೊಂದು ಕೆರೆ, ಅಲ್ಲಿ ಅತ್ತೆಗೊಂದು ಕೆರೆ. ನಡುವೆ ವಿಮಾನಕ್ಕೂ ಎರಡೂವರೆ ಗಂಟೆ ಹಿಡಿಯುವಷ್ಟು ಒಣನೆಲ.

ದಿನಾ ಸಂಜೆ ಏಳಕ್ಕೆ ಸರಿಯಾಗಿ ಮಾವ ಫೋನ್ ಮಾಡುತ್ತಿದ್ದರು. ನಾನು ಮೊದಲ ದಿನ ಸಭ್ಯತೆಯಿಂದ ಎದ್ದು ಹೊರಗೆ ಹೋದೆ. ಎರಡನೆಯ ದಿನ ಕಿಟಕಿಯ ಪಕ್ಕ ನಿಂತೆ. ಮೂರನೆಯ ದಿನ ತಿಳಿಯಿತು, ನಿಲ್ಲುವ ಅಗತ್ಯವೇ ಇಲ್ಲ; ಅತ್ತೆಯ ಧ್ವನಿ ಫೋನಿನಾಚೆಗೂ ಕೇಳುತ್ತದೆ, ಗುಟ್ಟೂ ಏನಿಲ್ಲ.

“ಊಟ ಆಯ್ತಾ?”

“ಇನ್ನೂ ಇಲ್ಲ. ನಿಮ್ದು?”

“ಆಗ್ಬೇಕು. ಮತ್ತೆ?”

“ಮತ್ತೇನಿಲ್ಲ. ನೀವೇ ಹೇಳಿ.”

“ಏನಿಲ್ಲ.”

ಹೀಗೆ ಇಪ್ಪತ್ತು ನಿಮಿಷ! ನಾನು ಆಮೇಲೆ ಇಬ್ಬರ ಧ್ವನಿಯಲ್ಲೂ ಇದನ್ನು ಆಡಿ ತೋರಿಸುತ್ತಿದ್ದೆ. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕಾದ ಮೇಲೆ, “ಅವಳ ‘ಮತ್ತೇನಿಲ್ಲ’ ಇನ್ನೊಂದ್ಸಲ ಮಾಡೋ” ಎನ್ನುತ್ತಿದ್ದರು. ನನ್ನ ಕಲೆಗೆ ಸಿಕ್ಕ ಮನ್ನಣೆ ಎಂದು ನಾನು ಉಬ್ಬಿ ಮತ್ತೆ ಮಾಡುತ್ತಿದ್ದೆ. ಎಂಥ ದಡ್ಡ ನಾನು!

ಅಕ್ಟೋಬರಿನ ಮೊದಲ ಶನಿವಾರ ಆ ‘ಮತ್ತೇನಿಲ್ಲ’ದ ಜಾಗದಲ್ಲಿ ಬೇರೆ ಮಾತು ಬಂತು. ಅತ್ತೆಯ ಕೆಲಸವನ್ನು ಕಾಯಂ ಮಾಡುತ್ತಾರಂತೆ. ಶುಕ್ರವಾರದೊಳಗೆ ಒಪ್ಪಿಗೆ ಇದೆಯೋ ಇಲ್ಲವೋ ಹೇಳಬೇಕಂತೆ.

“ನೀವೇನಂತೀರಿ?” ಎಂದರು ಅತ್ತೆ.

“ನಿನ್ನಿಷ್ಟ” ಎಂದರು ಮಾವ.

ಕನ್ನಡದಲ್ಲಿ ಗಂಡಂದಿರು ಕಂಡುಹಿಡಿದ ಪದಗಳಲ್ಲಿ ಇದರಷ್ಟು ಅಪಾಯಕಾರಿ ಇನ್ನೊಂದಿಲ್ಲ. ಅತ್ತಲಿಂದ “ಸರಿ” ಎಂದು ಬಂತು. ‘ಸರಿ’ ಎಂಬುದು ಹೆಂಡತಿಯರು ಕಂಡುಹಿಡಿದ ಪ್ರತ್ಯಸ್ತ್ರ.

ಭಾನುವಾರ ಅತ್ತೆ ಯಾರದೋ ಮನೆಗೆ ಹೋಗಿದ್ದರಿಂದ ಮಾತಿಲ್ಲ. ಸೋಮವಾರ ಏಳಕ್ಕೆ ಮಾವ ಫೋನ್ ಮಾಡಿದರು. ಎತ್ತಲಿಲ್ಲ. ಮಂಗಳವಾರ ಎತ್ತಲಿಲ್ಲ. ಎಂಟರಿಂದ ಒಂಬತ್ತರವರೆಗೆ ಮಾವ ಫೋನನ್ನೇ ಆರಿಸಿಬಿಡುವುದು ರೂಢಿ. ಅಮೇರಿಕ ಕಣ್ಣು ಬಿಡುವ ಮುಂಚೆ ಮುನ್ನೋಟ ಕಳಿಸಬೇಕಲ್ಲ. ಒಂಬತ್ತಕ್ಕೆ ಹಚ್ಚಿದರೆ ಅತ್ತೆಯ ಮಿಸ್ಡ್ ಕಾಲು, ಜೊತೆಗೊಂದು ಮೆಸೇಜು: ‘ಫೋನ್ ಮಾಡಿದ್ರಾ?’ ಮಾವ ಬರೆದರು: ‘ಹೂಂ.’ ಅತ್ತೆ: ‘ಏನು ವಿಷಯ?’ ಮಾವ: ‘ಏನಿಲ್ಲ.’ ಇಬ್ಬರು ವಿದ್ಯಾವಂತರು, ಇಪ್ಪತ್ತು ವರ್ಷದ ಸಂಸಾರ!

ಬುಧವಾರ ಮಾವನ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ ತೆರೆದೇ ಇತ್ತು. ಇನ್ನೊಬ್ಬರದನ್ನು ಓದುವುದು ತಪ್ಪು. ಆದರೆ ಕನ್ನಡದಲ್ಲಿ ಬರೆದ ಮುನ್ನೋಟವನ್ನು ಅಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಮಾವ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವರಿಗೆ ಕೇಳುವಂತೆ, ಟೀವಿ ಕಾಮೆಂಟರಿಯ ಗಡಸು ಧ್ವನಿ ತೆಗೆದು ಓದಲು ಶುರುಮಾಡಿದೆ.

“ಇಂದಿನ ಪಂದ್ಯ, ಬ್ರಿಸ್ಬೇನ್ ಎದುರು ಅಡಿಲೇಡ್! ಬ್ರಿಸ್ಬೇನಿನ ಬಲ: ಚಳಿ ಇಲ್ಲ, ಅವಳ ಮಂಡಿಗೆ ಒಳ್ಳೆಯದು. ಪಕ್ಕದ ಮನೆಯವರು ನುಗ್ಗೇಕಾಯಿ ಕೊಡುತ್ತಾರೆ. ಕೆಲಸದಲ್ಲಿ ಹೆಸರಿದೆ. ಇತ್ತೀಚೆಗೆ ಫೋನಿನಲ್ಲಿ ನಗು ಹೆಚ್ಚಾಗಿದೆ. ಅಡಿಲೇಡಿನ ಬಲ: ಸ್ವಂತ ಮನೆ ಇದೆ. ಅಳಿಯ ಇದ್ದಾನೆ, ಇವನನ್ನು ಬಲಕ್ಕೆ ಸೇರಿಸುವುದೋ ದೌರ್ಬಲ್ಯಕ್ಕೋ ತಿಳಿಯದು. ನಾನಿದ್ದೇನೆ…”

ಅಲ್ಲಿಗೆ ನನ್ನ ಗಡಸು ಧ್ವನಿ ಹಳ್ಳ ಹಿಡಿಯಿತು. ಮುಂದಿನ ಸಾಲು, ‘ಈ ವಾರ ಫೋನ್ ಎತ್ತುತ್ತಿಲ್ಲ’ ಎಂದಿತ್ತು. ಅದರ ಕೆಳಗೆ ‘ಅಂತಿಮ ಊಹೆ’ ಎಂಬ ಜಾಗ ಖಾಲಿ. ಬಾಲ್ಕನಿ ಕಡೆ ನೋಡಿದೆ. ಮಾವ ಒಂದೇ ಟವೆಲನ್ನು ಕೊಡವುತ್ತಲೇ ಇದ್ದರು.

ಗುರುವಾರ ಮಧ್ಯಾಹ್ನ ನಾನೇ ಅತ್ತೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆ ಅತ್ತೆಯೇ ಕೇಳಿದರು: “ಏನೋ, ನಿಮ್ಮ ಮಾವಂಗೆ ನನ್ನ ಮೇಲೆ ಕೋಪಾನಾ?”

“ಕೋಪಾನಾ? ನೀವು ಫೋನ್ ಎತ್ತಲ್ಲ ಅಂತ ಅವ್ರು ಇಲ್ಲಿ ಸೊರಗಿದ್ದಾರೆ ಅತ್ತೆ!”

“ಎತ್ತೋದು ಹೆಂಗೋ? ಇಷ್ಟು ದಿನ ಏಳೂವರೆಗೆ ಮಾಡ್ತಿದ್ದೋರು, ಈ ವಾರ ಬೇಕಂತಲೇ ಆರೂವರೆಗೆ ಮಾಡ್ತಾರೆ. ನಾನಾಗ ವಾರ್ಡಲ್ಲಿ ಯಾರನ್ನೋ ನಡೆಸ್ತಿರ್ತೀನಿ, ಫೋನ್ ಲಾಕರಲ್ಲಿರುತ್ತೆ. ಮನೆಗೆ ಬಂದು ಮಾಡಿದ್ರೆ ಸ್ವಿಚ್ ಆಫ್. ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಲಿ.”

ಬೇಕಂತಲೇ ಆರೂವರೆಗೆ! ನನ್ನ ತಲೆಯಲ್ಲಿ ದೀಪ ಹತ್ತಿತು. ಭಾನುವಾರ ಅಡಿಲೇಡಿನಲ್ಲಿ ಬೇಸಿಗೆಯ ಲೆಕ್ಕಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದೆವು. ಬ್ರಿಸ್ಬೇನಿನವರು ತಿರುಗಿಸುವುದಿಲ್ಲ. ಅಲ್ಲಿಯವರೆಗೆ ಅತ್ತೆಗಿಂತ ಅರ್ಧ ಗಂಟೆ ಹಿಂದಿದ್ದ ಮಾವ, ಒಂದೇ ರಾತ್ರಿಯಲ್ಲಿ ಅರ್ಧ ಗಂಟೆ ಮುಂದೆ ಹೋಗಿಬಿಟ್ಟಿದ್ದರು! ಇವರ ಏಳು ಗಂಟೆ ಈಗ ಅವರ ಆರೂವರೆ.

ಸಂಜೆ ಮಾವನಿಗೆ ಇದನ್ನು ಹೇಳಿದೆ.

“ಕ್ವೀನ್ಸ್‌ಲ್ಯಾಂಡ್‌ನೋರು ತಿರುಗ್ಸಲ್ವಾ?”

“ಇಲ್ಲ ಮಾವ. ನಮ್ಮ ಪರ್ತ್‌ನೋರೂ ತಿರುಗ್ಸಲ್ಲ.”

“ಅಮೇರಿಕದಲ್ಲಿ ಅರಿಝೋನಾದೋರು ತಿರುಗ್ಸಲ್ಲ, ಗೊತ್ತು ಕಣೋ. ಅದಕ್ಕೆ ಅಂತಲೇ ನಾನು ಬೇರೆ ಕಾಲಂ ಇಟ್ಟಿದ್ದೀನಿ.”

“ಅರಿಝೋನಾದಲ್ಲಿ ನಿಮ್ಮ ಹೆಂಡ್ತಿ ಇಲ್ವಲ್ಲ ಮಾವ.”

ಚೇಷ್ಟೆಗೆಂದೇ ಅಂದದ್ದು. ಆದರೆ ಮಾವ ನಗಲಿಲ್ಲ. ಎಂಟಕ್ಕೆ ಮುನ್ನೋಟ ಬರೆಯಲು ಕೂತರು. ಆ ವಾರದ ದೊಡ್ಡ ಪಂದ್ಯ. ಮೊದಲ ಪ್ಯಾರಾ ಮುಗಿಯಿತು, ಎರಡನೆಯದರಲ್ಲಿ ನಿಂತಿತು. ಫೋನ್ ಮಾತ್ರ ಆರಿಸದೆ ಎಡಗೈ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅದು ಹೊಡೆದುಕೊಂಡಾಗ ಗಾಬರಿಯಲ್ಲಿ ಸ್ಪೀಕರನ್ನೇ ಒತ್ತಿಬಿಟ್ಟರು.

“ಅಬ್ಬಾ, ಎತ್ತಿದ್ರಲ್ಲ! ನಾಳೆ ಹೇಳ್ಬೇಕು ರೀ. ನಾನೇನು ಮಾಡ್ಲಿ?”

“ನೀನು…” ಎಂದರು ಮಾವ. ‘ನಿನ್ನಿಷ್ಟ’ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿದ್ದು ನನಗೆ ಕಾಣುತ್ತಿತ್ತು. “ನೀನು ಒಪ್ಕೋ. ಒಳ್ಳೇ ಕೆಲಸ. ನಾನೇ ಅಲ್ಲಿಗೆ ಬಂದ್ಬಿಡ್ತೀನಿ.”

ಅತ್ತ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ನಿಮ್ಮ ಆಫೀಸು? ಮನೆ?”

“ಗೊತ್ತಿಲ್ಲ.”

“ಲೆಕ್ಕ ಹಾಕಿದೀರಾ?”

“ಇಲ್ಲ ಕಣೇ. ನಂಗೆ ನೀನು ಬೇಕು, ಅಷ್ಟೇ.”

ನಾನು ಇಂಥ ಹೊತ್ತಿನಲ್ಲಿ ಏನಾದರೊಂದು ಕೀಟಲೆ ಮಾಡದೆ ಬಿಟ್ಟವನಲ್ಲ. ಅವತ್ತು ಮಾತ್ರ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ. ಫೋನಿನಲ್ಲಿ ಅತ್ತೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

“ಇಡ್ಲಾ ಹಾಗಾದ್ರೆ?” ಎಂದರು ಅತ್ತೆ ಕೊನೆಗೆ. “ಒಗ್ಗರಣೆ ಹಾಕ್ಬೇಕು.”

“ಇಡ್ಬೇಡ. ಮಾತಾಡೋದು ಬೇಡ, ಸುಮ್ನೆ ಲೈನಲ್ಲಿರು. ನೀನು ಅಡುಗೆ ಮಾಡು.”

ಅಮೇರಿಕ ಅಲ್ಲಿ ಮುನ್ನೋಟವಿಲ್ಲದೆಯೇ ಕಣ್ಣು ಬಿಟ್ಟಿತೋ ಏನೋ. ಮಾವ ಲ್ಯಾಪ್‌ಟಾಪು ಮುಚ್ಚಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅದರ ಎದುರು ತಟ್ಟೆ ಇಟ್ಟುಕೊಂಡು ಕೂತರು. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಸಾಸಿವೆ ಸಿಡಿಯಿತು. ಮಾಸನ್ ಲೇಕ್ಸ್‌ನಲ್ಲಿ ಮಾವ ತಣ್ಣಗಾಗಿದ್ದ ಅನ್ನಕ್ಕೆ ಸಾರು ಕಲಸಿಕೊಂಡರು. ಅಲ್ಲಿ ಪಾತ್ರೆಗೆ ಸೌಟು ತಗಲಿದ ಸದ್ದು, ಇಲ್ಲಿ ಇವರು ಬೆರಳು ನೆಕ್ಕುವ ಸದ್ದು. ಈ ಎರಡು ಸದ್ದುಗಳನ್ನೂ ನಾನು ಅನುಕರಿಸಬಲ್ಲೆ, ಇವತ್ತಿನವರೆಗೂ ಮಾಡಿಲ್ಲ.

“ಇನ್ನೊಂಚೂರು ಅನ್ನ ಹಾಕ್ಕೊಳ್ಳಿ” ಎಂದಿತು ಸಕ್ಕರೆ ಡಬ್ಬಿಯ ಕಡೆಯಿಂದ ಅತ್ತೆಯ ಧ್ವನಿ.

ಮಾವ ಮರುಮಾತಾಡದೆ ಹಾಕಿಕೊಂಡರು.