ಕರಗದ ಕೆಂಪು

ಇಳಕಲ್ಲಿನ ನೇಕಾರರ ಸಂಘಕ್ಕೆ ಹೊಸ ಕೆಂಪು ಬಣ್ಣದ ಪುಡಿ ಬಂದದ್ದೇ ಹುಚ್ಚೇಶನ ಕುತ್ತಿಗೆಗೆ ಬಂತು. ಅದು ನೀರಿನಲ್ಲಿ ಎಷ್ಟು ಕರಗುತ್ತದೆಂದು ಅಳೆದು ತೋರಿಸಬೇಕು. ಹೆಚ್ಚು ಕರಗಿದರೆ ಗಟಾರದ ನೀರು ಕೆಡುತ್ತದೆ, ಪರವಾನಗಿ ಇಲ್ಲ. ಹಳೆಯ ಬಣ್ಣವನ್ನು ಆಗಲೇ ನಿಲ್ಲಿಸಿದ್ದರು. ಇದೂ ಹೋದರೆ ಬಣ್ಣದ ಮನೆಗೆ ಬೀಗ, ಅಲ್ಲಿ ದುಡಿಯುವ ಹುಚ್ಚೇಶ ಮನೆಗೆ. ಪರೀಕ್ಷೆ ನೋಡುವ ಅಧಿಕಾರಿ ಶುಭದಾ ಮೂರು ಗಂಟೆಗೆ ಬರುವವರಿದ್ದರು.

ಹುಚ್ಚೇಶ ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಪುಡಿಯ ಪೊಟ್ಟಣ ಸುರಿದು ಒಂದು ತಾಸು ತಿರುವಿದ. ಬಟ್ಟೆಯಲ್ಲಿ ಸೋಸಿದ. ಪಾತ್ರೆಗಿಳಿದ ನೀರು ಜಗಳಗಂಟಿ ಸೊಸೆಯ ಕಣ್ಣಿನಂತೆ ಕೆಂಪಗಿತ್ತು. ಬಟ್ಟೆಯಲ್ಲಿ ಉಳಿದ ಪುಡಿ ಒಣಗುವಷ್ಟರಲ್ಲಿ, ಅದನ್ನು ತೂಗಿ ಕರಗಿದ್ದೆಷ್ಟೆಂದು ನೋಡಲು ತಕ್ಕಡಿ ತರೋಣವೆಂದು ಗಾಳೆಪ್ಪನ ಕಿರಾಣಿ ಅಂಗಡಿಗೆ ಓಡಿದ.

“ಬಣ್ಣ ತೂಗಾಕ? ನಾಳಿ ಊರ ಮಂದಿ ಸಕ್ರಿ ಕೆಂಪಾಗತೈತಿ, ಕೊಡಂಗಿಲ್ಲ,” ಅಂದ ಗಾಳೆಪ್ಪ. “ಬಿಸಿನೀರು ಹಾಕಿದ್ದಿಲ್ಲ?”

“ತಣ್ಣೀರ ಹಾಕಬೇಕಂತಣ್ಣ.”

“ನಲವತ್ತು ವರ್ಷ ಬೆಲ್ಲ ಮಾರೇನಿ ಲೇ. ಕರಗೂದು ನನಗ ಕಲಿಸಬ್ಯಾಡ.”

ಅರ್ಧ ತಾಸು ವಾದ ಮಾಡಿ ಬರಿಗೈಯಲ್ಲಿ ಬಂದು ನೋಡಿದರೆ, ಪಾತ್ರೆಯ ನೀರು ತಿಳಿಯಾಗಿತ್ತು. ಪಕ್ಕದ ಮನೆಯ ಶೇಖವ್ವ ಸೆರಗಿಗೆ ಕೈ ಒರೆಸುತ್ತ ಬಂದಳು.

“ಭಾಳ ಚಂದ ಬಣ್ಣ ತಮ್ಮಾ. ಸುಮ್ನ ಇಟ್ಟಿದ್ದಿಯಲ್ಲ, ಒಯ್ದು ನನ್ನ ನೂಲು ಅದ್ದಿಕೊಂಡೆ.”

“ಮತ್ತ ಈ ನೀರು?”

“ಮಂದಿ ಪಾತ್ರಿ ಬರಿದು ಹೊಳ್ಳಿ ಕೊಡತಾರೇನು? ತೊಳದು ತುಂಬಿ ಇಟ್ಟೇನಿ.”

ಹುಚ್ಚೇಶ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಶುಭದಾ ಒಳಗೆ ಬಂದರು. ಬಟ್ಟೆಯ ಮೇಲಿನ ಪುಡಿ ನೋಡಿದರು, ಪಾತ್ರೆ ಬೆಳಕಿಗೆ ಹಿಡಿದರು.

“ಒಂಚೂರೂ ಕರಗಿಲ್ಲಲಾ. ಸರಿಯಾಗಿ ತಿರುವೀರೇನು?”

“ರಟ್ಟಿ ಬಿದ್ದು ಹೋಗ್ಯಾವ್ರಿ ಮೇಡಮ್,” ಅಂದ ಹುಚ್ಚೇಶ. ಅಷ್ಟು ಮಾತ್ರ ಖರೆ. ಉಳಿದದ್ದನ್ನು ಉಗುಳಿನ ಜೊತೆ ನುಂಗಿದ.

‘ನೀರಿನಲ್ಲಿ ಕರಗುವುದಿಲ್ಲ, ಬಳಸಬಹುದು’ ಎಂದು ಬರೆದು ಶಿಕ್ಕಾ ಒತ್ತಿ ಅವರು ಹೋದರು. ಹುಚ್ಚೇಶ ಕಾಗದ ಹಿಡಿದು ಸಂಘದ ಕಾರ್ಯದರ್ಶಿ ಪಂಢರೀನಾಥರ ಬಳಿಗೆ ಹಾರಿದ. ಅವರು ಮೂಗಿಗೆ ಚಾಳೀಸು ಏರಿಸಿ ಎರಡು ಸಲ ಓದಿದರು.

“ಕರಗೂದ ಇಲ್ಲ?”

“ಇಲ್ರಿ. ಸರಕಾರಿ ಶಿಕ್ಕಾ ನೋಡ್ರಿ.”

“ಕರಗದ ಬಣ್ಣ ನೂಲಿಗೆ ಹೆಂಗ ಹತ್ತತದೋ? ಬಣ್ಣದ ಅಂಗಡಿಯವ ಮೋಸ ಮಾಡ್ಯಾನ. ಇವತ್ತ ವಾಪಸ್ ಕಳಸು.”

ಕರಗುತ್ತದೆ ಅಂದರೆ ಪರವಾನಗಿ ಹೋಗುತ್ತದೆ, ಕರಗುವುದಿಲ್ಲ ಅಂದರೆ ಪುಡಿ ಹೋಗುತ್ತದೆ.

“ಅಳದು ನೋಡಿದ್ದು ಚಲೋ ಆತು,” ಅಂದರು ಪಂಢರೀನಾಥರು, ಅವನ ಬೆನ್ನು ತಟ್ಟಿ. “ಪುಡಿ ಡಬ್ಬಿ ನೀನ ಹೊತಗೊಂಡು ಹೋಗು. ಬರೂಮುಂದ ಬಣ್ಣದ ಮನಿಗೆ ಹಾಕಾಕ ಒಂದು ಬೀಗ ತಗೊಂಡು ಬಾ.”