ಬಿ ಹನ್ನೆರಡೂ ನನ್ನ ಮಂಗಳವಾರದ ಕಟಿಂಗೂ

ನಾನು ಒಂದು ಮಾತು ಕೊಚ್ಚಿಕೊಂಡರೆ ಸಾಕು, ಎಂಟು ದಿನದೊಳಗೆ ಅದು ತಿರುಗಿ ನನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ. ಮೊದಲಿಂದಲೂ ಹೀಗೇ. ನಾನು ಶಾಲೆ ಮೆಟ್ಟಿಲು ಹತ್ತಿದ್ದು ಸುಣ್ಣ ಹೊಡೆಯೋಕೆ ಮಾತ್ರ. ಅಕ್ಷರ ಕಲಿತದ್ದು ಸಿಟಿ ಬಸ್ಸಿನ ಬೋರ್ಡು ನೋಡಿ. ಆದರೂ ಮಹದೇವಪುರದ ಈ ಕಡೆ ನನ್ನಷ್ಟು ತಿಳಿದವನಿಲ್ಲ ಅಂತ ನಾನೇ ಸಾರಿಕೊಂಡು ತಿರುಗಿದವನು. ನಮ್ಮ ರಾಗಿ ಹೊಲದ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ, ಅದರಲ್ಲೇ ನಮಗೂ ಒಂದು ಮನೆ. ಈಗ ಲಿಫ್ಟ್ ಇರೋ ಜಾಗದಲ್ಲಿ ನಾನು ಒಂದು ಕಾಲಕ್ಕೆ ಚಿರತೆಯನ್ನ ಟವೆಲ್ಲಲ್ಲಿ ಹೊಡೆದು ಓಡಿಸಿದ್ದೆ. ಲಿಫ್ಟಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೀನಿ. ಈಗ ತುಂಬಾ ಜನ ಮೆಟ್ಟಿಲು ಹತ್ತಿಕೊಂಡೇ ಹೋಗ್ತಾರೆ.

ಆರು ವರ್ಷದ ಹಿಂದೆ ನನ್ನ ಹೆಂಡತಿಗೆ ಹೊಟ್ಟೆ ಆಪರೇಷನ್ ಆಯ್ತು. ವಾರ್ಡಲ್ಲಿ ಹತ್ತು ಜನರ ಮುಂದೆ ಎದೆ ತಟ್ಟಿ ಹರಕೆ ಹೊತ್ತೆ: "ಆಂಜನೇಯಪ್ಪಾ, ಇವಳು ಎದ್ದು ಓಡಾಡಲಿ, ನಾವಿಬ್ಬರೂ ಇನ್ನು ಮಾಂಸ ಮುಟ್ಟಲ್ಲ." ಅವಳಿಗೆ ಆಗ ಎಚ್ಚರ ಇರಲಿಲ್ಲ. ಎದ್ದ ಮೇಲೆ ಹೇಳಿದೆ. ತಲೆಮಾಂಸದ ಸಾರು ಅಂದರೆ ಪ್ರಾಣ ಬಿಡೋಳು, "ಸರಿ" ಅಂದಳು, ಅಷ್ಟೇ. ಆ ಹರಕೆ ಹೆಸರಲ್ಲಿ ನಾನು ಕೊಚ್ಚಿಕೊಂಡಿದ್ದೂ ಕೊಚ್ಚಿಕೊಂಡಿದ್ದೇ.

ಮೊನ್ನೆ ಅವಳಿಗೆ ಪಾದ ಉರಿ, ಬೆರಳಿಗೆಲ್ಲ ಜೋಮು ಶುರುವಾಯ್ತು. ಚಪ್ಪಲಿ ಕಾಲಲ್ಲಿದೆಯೋ ಜಾರಿ ಹೋಯ್ತೋ ತಿಳಿಯದು. ಡಾಕ್ಟರಮ್ಮ ನೋಡಿ, "ಬಿ ಟ್ವೆಲ್ವ್ ಅಂತ ಒಂದು ವಿಟಮಿನ್, ಅದು ಕಮ್ಮಿ ಆಗಿರಬಹುದು. ನಿಮ್ಮ ಅಪಾರ್ಟ್‌ಮೆಂಟಲ್ಲೇ ಕ್ಯಾಂಪ್ ಇದೆ, ರಕ್ತ ಕೊಡಿ. ತಾತ, ನೀವೂ ಕೊಡಿ. ಇಬ್ಬರದೂ ಒಂದೇ ಊಟ ಅಲ್ವಾ?" ಅಂದರು.

ನಾನು "ಹೂಂ" ಅಂದೆ.

ಬಿ ಹನ್ನೆರಡರ ಬಾಗಿಲು

ಲಿಫ್ಟ್ ಪಕ್ಕ ಚೀಟಿ ಅಂಟಿಸಿದ್ದರು: 'ಬಿ-12 ರಕ್ತಪರೀಕ್ಷೆ, ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ.' "ನಾನು ಮೊದಲು ಹೋಗಿ ಜಾಗ ಹಿಡೀತೀನಿ" ಅಂತ ಹೆಂಡತಿಗೆ ಹೇಳಿ, ನೆಟ್ಟಗೆ ಬಿ ಬ್ಲಾಕಿಗೆ ಹೋಗಿ ಹನ್ನೆರಡನೇ ನಂಬರಿನ ಮನೆ ಬೆಲ್ ಒತ್ತಿದೆ.

ಅದು ಧಾರವಾಡದ ಕಡೆಯ ಮೇಡಂ ಮನೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. "ಬರ್ರಿ ಅಜ್ಜಾರ, ಕೂಡ್ರಿ" ಅಂದರು. ಬಿಸಿ ಉಪ್ಪಿಟ್ಟು ಬಂತು. ಖಾಲಿ ಹೊಟ್ಟೆಲಿ ಬಾ ಅಂದಿದ್ದು ಇದಕ್ಕೇ ಇರಬೇಕು, ಎಂಥಾ ಒಳ್ಳೆ ಆಸ್ಪತ್ರೆ ಅಂದುಕೊಂಡೆ. ಎರಡು ಸಲ ಹಾಕಿಸಿಕೊಂಡೆ. ಟೀ ಕುಡಿದು ಅಂಗಿ ತೋಳು ಮಡಚಿ ಕೈ ನೀಡಿದೆ. ಮೇಡಂ ಕೈಗೆ ಎರಡು ಬಾಳೆಹಣ್ಣು ಇಟ್ಟರು.

"ಹಣ್ಣು ಬೇಡ ಮೇಡಂ, ರಕ್ತ ತಗೊಳ್ಳಿ" ಅಂದೆ.

ಅವರು ಒಂದು ಗಳಿಗೆ ನನ್ನ ತೋಳನ್ನೇ ನೋಡಿದರು. "ಉಪ್ಪಿಟ್ಟಿಗೆ ಯಾರ್ರೀ ರಕ್ತ ಕೊಡ್ತಾರ ಅಜ್ಜಾರ? ಛಲೋ ಆಗೇತಿ ಅಂದ್ರ ಸಾಕು."

ಹಾವಿಗೆ ಬಂದ ಜ್ವರ

ಕ್ಯಾಂಪ್ ಇದ್ದದ್ದು ಕೆಳಗಿನ ಮೀಟಿಂಗ್ ಹಾಲಲ್ಲಿ. ಉಪ್ಪಿಟ್ಟು ತಿಂದಿದ್ದಕ್ಕೆ ನಾಳೆ ಬಾ ಅಂದರು. ಮಾರನೇ ದಿನ ಹೆಂಡತಿ ಜೊತೆ ಸಾಲಲ್ಲಿ ನಿಂತೆ. ಹಿಂದೆ ಅದೇ ಮೇಡಂ. ಹೆಂಡತಿ ಸದ್ದಿಲ್ಲದೆ ಕೈ ಕೊಟ್ಟು ರಕ್ತ ತೆಗೆಸಿಕೊಂಡು ಎದ್ದಳು. ನಾನು ಸುಮ್ಮನೆ ಕೂರೋ ಪೈಕಿಯೇ? ಸೂಜಿ ಹಿಡಿದ ಹುಡುಗಿಗೆ ಶುರು ಮಾಡಿದೆ: "ನನಗೆ ನಾಗರಹಾವೇ ಕಚ್ಚಿತ್ತು ಕಣಮ್ಮ. ನನಗೇನೂ ಆಗಲಿಲ್ಲ. ಹಾವು ಮೂರು ದಿನ ಜ್ವರ ಬಂದು ಮಲಗಿತ್ತು."

ತೋಳಿಗೆ ಏನೋ ತಣ್ಣಗೆ ತಾಗಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ.

"ಎಷ್ಟು ಬಾಟ್ಲಿ ತಗೊಂಡೆಯಮ್ಮ?"

"ಇನ್ನೂ ಚುಚ್ಚೇ ಇಲ್ಲ ತಾತ. ಅದು ಸ್ಪಿರಿಟ್ ಹತ್ತಿ."

ಹೆಂಡತಿ ಸೆರಗಲ್ಲಿ ಗಾಳಿ ಹಾಕ್ತಾ ಅಂದಳು: "ಮಲಗಿರುವಾಗ್ಲೇ ತಗೊಂಬಿಡವ್ವ. ಎದ್ರೆ ಆ ಹಾವು ಮತ್ತೆ ಬತ್ತದೆ."

ಹೆಸರಿಲ್ಲದ ಸೊಪ್ಪು

ರಿಪೋರ್ಟ್ ಬಂದಿದ್ದು ಮಂಗಳವಾರ. ಅದು ನಾನು ಮಾರತ್ತಹಳ್ಳಿಗೆ ಕಟಿಂಗ್‌ಗೆ ಹೋಗೋ ದಿನ, ಹಾಗಾಗಿ ಅವಸರದಲ್ಲಿದ್ದೆ. ಡಾಕ್ಟರಮ್ಮ ಹಾಲಿಗೇ ಬಂದು ಕೂತಿದ್ದರು. ಮೇಡಂಗೆ ಬಿ ಟ್ವೆಲ್ವ್ ಕಮ್ಮಿ. ನನ್ನ ಹೆಂಡತಿಗೆ ತಳ ಕಂಡಿತ್ತು. ನನ್ನದು ಮಾತ್ರ ತುಂಬಿ ತುಳುಕ್ತಿತ್ತು.

"ತಾತ, ಇದು ಮಾಂಸ, ಮೀನು, ಮೊಟ್ಟೆಯಲ್ಲಿ ಜಾಸ್ತಿ ಇರುತ್ತೆ. ಹಾಲಲ್ಲಿ ಸ್ವಲ್ಪ. ಹರಕೆ ಹೊತ್ತವರು ನೀವು, ಇಷ್ಟೊಂದು ಹೇಗೆ? ಏನು ತಿಂತೀರ?"

ನಿಜ ಹೇಳೋಕೆ ಅದೇ ಗಳಿಗೆ ಸರಿಯಾಗಿತ್ತು. ನನ್ನ ಬಾಯಿ ಕಾಯಲಿಲ್ಲ. "ಕೆರೆ ಏರಿ ಹಿಂದೆ ಒಂದು ಸೊಪ್ಪು ಸಿಗುತ್ತೆ. ಸೂರ್ಯ ಹುಟ್ಟೋಕೆ ಮುಂಚೆ ಕೀಳಬೇಕು. ಅದನ್ನ ತಿಂದೇ ನಮ್ಮ ತಾತ ನೂರಾ ಹತ್ತು ವರ್ಷ ಬಾಳಿದ. ಸತ್ತ ಮೇಲೂ ಮೂರು ದಿನ ಬೆವರ್ತಿದ್ದ."

ಮೇಡಂ ಫೋನ್ ತೆಗೆದರು. "ಹೆಸರು ಹೇಳ್ರಿ ಅಜ್ಜಾರ, ಬರಕೋತೀನಿ."

"ಅದಕ್ಕೆ ಹೆಸರಿಲ್ಲ ಮೇಡಂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇರಲಿ. ಅಜ್ಜಿಗೆ ಯಾಕೆ ಕೊಡಲಿಲ್ಲ?"

"ಹೊತ್ತಾಯ್ತು ಡಾಕ್ಟರಮ್ಮ, ಕಟಿಂಗ್‌ಗೆ ಹೋಗಬೇಕು" ಅಂತ ಟವೆಲ್ ಹೆಗಲಿಗೆ ಹಾಕ್ಕೊಂಡು ಎದ್ದೆ.

ಕಟಿಂಗ್

ಹೆಂಡತಿ ತನ್ನ ಪಾದಾನೇ ನೋಡ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು: "ಆ ಸೊಪ್ಪು ಮಾರತ್ತಹಳ್ಳೀಲಿ ಸಿಕ್ತದೆ ಡಾಕ್ಟ್ರೇ. ಆರು ವರ್ಷದಿಂದ ಇವ್ರು ಮಂಗಳವಾರ ಮಂಗಳವಾರ ಕಟಿಂಗ್‌ಗೆ ಓಯ್ತಾರೆ. ಮಂಗಳವಾರ ಯಾವ ಕಟಿಂಗ್ ಶಾಪ್ ಬಾಗ್ಲು ತೆಗೀತದೆ? ಕಟಿಂಗ್ ಆಯ್ತಿದ್ದಿದ್ದು ಕುರೀದು."

ಹಾಲಲ್ಲಿದ್ದವರೆಲ್ಲ ನಕ್ಕರು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡ್ತಿದ್ದೆ. ಆದರೆ ನಮ್ಮ ಭೂಮಿಗೆ ಆಗಲೇ ಕಾಂಕ್ರೀಟ್ ಹಾಕಿದ್ದಾರೆ.

ಹೌದು, ಹರಕೆ ಹೊತ್ತು ಮೂರನೇ ವಾರಕ್ಕೇ ಮಿಲಿಟರಿ ಹೋಟೆಲ್ ವಾಸನೆಗೆ ಬಿದ್ದೆ. ವಾರಕ್ಕೊಂದು ಸಲ ನಾನು ಕಾಲು ಸೂಪು ಕುಡೀತಿದ್ದೆ, ಇಲ್ಲಿ ಅವಳ ಕಾಲು ಜೋಮು ಹಿಡೀತಿತ್ತು. ಡಾಕ್ಟರಮ್ಮ ಇಂಜೆಕ್ಷನ್ ಬರೆದು, "ಊಟಾನೂ ಬದಲಾಗಬೇಕು" ಅಂದರು. ಅವಳು ಅಂದಿದ್ದು ಒಂದೇ ಮಾತು: "ಹರಕೆ ಹೊತ್ತಿದ್ದು ಇವ್ರ ಬಾಯಿ, ತೀರ್ಸಿದ್ದು ನನ್ನ ಕಾಲು." ಈ ಸಲ ಯಾರೂ ನಗಲಿಲ್ಲ.

ಮನೆಗೆ ಬಂದು ಕೇಳಿದೆ. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಕೇಳಿದ್ರೆ ಒಂದು ಕಥೆ ಹೇಳ್ತಿದ್ರಿ. ನೀವಾಗೇ ಹೇಳ್ಲಿ ಅಂತ ಕಾದೆ."

ಆಂಜನೇಯನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿದೆ. "ಅವಳ ಪಾಲಿನ ಹರಕೆ ಬಿಟ್ಟುಬಿಡಪ್ಪ, ನನ್ನ ಪಾಲಿಂದು ಇನ್ನಾದರೂ ನಡೆಸ್ತೀನಿ" ಅಂತ ಕೈ ಮುಗಿದೆ. ಬಂದು ಅವಳಿಗೂ ಹೇಳಿದೆ.

ಮುಂದಿನ ಮಂಗಳವಾರ ಇಂಜೆಕ್ಷನ್ ಮುಗಿಸಿ ಆಸ್ಪತ್ರೆ ಬಾಗಿಲಲ್ಲಿ ನಿಂತಳು. "ನಡೀರಿ, ಮಾರತ್ತಹಳ್ಳಿಗೆ. ನಂಗೂ ಕಟಿಂಗ್ ಮಾಡಿಸ್ಬೇಕು."

ಹೋಟೆಲಲ್ಲಿ ಕೂತದ್ದೇ ತಡ, ಸಪ್ಲೈಯರ್ ನನ್ನ ನೋಡಿ ನಕ್ಕ. "ಏನ್ ತಾತ, ಮಾಮೂಲಿ ಕಾಲು ಸೂಪಾ?"

ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಸೂಪು ನಂಗೆ ಕೊಡಪ್ಪ. ಇವ್ರಿಗೆ ಸೊಪ್ಪಿದ್ರೆ ಕೊಡು, ಹೆಸ್ರಿಲ್ಲದ್ದು."